ಬೆಲ್ಲ ಗಂಡೋ ಹೆಣ್ಣೋ? ಸಾಕಿದ ಹಾವಿನ ಲಿಂಗ ತಿಳಿಯುವ ಬಗೆ

2024ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಬಂದ ಒಂದು ಸುದ್ದಿ ನಿಮಗೂ ನೆನಪಿರಬಹುದು. ಅಲ್ಲಿನ ಸಿಟಿ ಆಫ್ ಪೋರ್ಟ್ಸ್‌ಮತ್ ಕಾಲೇಜಿನಲ್ಲಿ ರೊನಾಲ್ಡೊ ಎಂಬ ಬ್ರೆಜಿಲಿಯನ್ ರೈನ್‌ಬೋ ಬೋವಾ ಹಾವಿತ್ತು. ಆರಡಿ ಉದ್ದ, 13 ವರ್ಷ ವಯಸ್ಸು. ಹೆಸರು ಗಂಡಿನದು, ಎಲ್ಲರೂ ಅದನ್ನು ಗಂಡು ಅಂತಲೇ ನಂಬಿದ್ದರು. ಒಂದು ದಿನ ನೋಡಿದರೆ ಅದರ ಗೂಡಿನಲ್ಲಿ 14 ಮರಿಗಳು! ಬೋವಾಗಳು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತವೆ. ವರ್ಷಗಟ್ಟಲೆ ಒಂಟಿಯಾಗಿದ್ದ 'ಗಂಡು' ಹಾವು ಮರಿ ಹಾಕಿತ್ತು.

ಈ ಸುದ್ದಿ ಓದಿದ ದಿನ ನನ್ನ ಮಗಳು ಊಟ ಬಿಟ್ಟು ಎದ್ದು ಹೋಗಿ ತನ್ನ ಹಾವಿನ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. "ಅಪ್ಪಾ, ಬೆಲ್ಲನೂ ಹೆಣ್ಣಾಗಿದ್ರೆ?"

ನಾವಿರುವುದು ಅಮೆರಿಕದ ಒಹಾಯೋದಲ್ಲಿ. ಬೆಲ್ಲ ಅಂದರೆ ಅವಳ ಬಾಲ್ ಪೈಥಾನ್, ಹೆಬ್ಬಾವಿನ ಒಂದು ಜಾತಿ. ಜೋನಿಬೆಲ್ಲದ ಬಣ್ಣದ ಮಚ್ಚೆಗಳಿವೆ, ಅದಕ್ಕೇ ಆ ಹೆಸರು. ಮಾರಿದವರು ಗಂಡು ಅಂತ ಹೇಳಿಯೇ ಕೊಟ್ಟಿದ್ದರು, ನಾವೂ ನಂಬಿದ್ದೆವು. ಹೇಗೆ ಗೊತ್ತಾಯಿತು ಅಂತ ನಾನಾಗಲಿ ಅವಳಾಗಲಿ ಕೇಳಿರಲಿಲ್ಲ. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು. ಉತ್ತರ ಹುಡುಕುತ್ತಾ ಹೋದಾಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋರಿ-ಹಸುವಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಮಗುವೂ ಹೇಳುತ್ತದೆ. ಹುಂಜಕ್ಕೆ ಜುಟ್ಟು ದೊಡ್ಡದು, ನವಿಲಿಗೆ ಗರಿ ಇದೆ. ಹಾವಿನಲ್ಲಿ ಮಾತ್ರ ಹೊರಗೆ ಕಾಣುವಂಥದ್ದು ಏನೂ ಇಲ್ಲ. ದಿನವಿಡೀ ಕಲ್ಲು, ಮುಳ್ಳು, ಬಿಲ ಅಂತ ಹೊಟ್ಟೆ ಉಜ್ಜಿಕೊಂಡು ಹರಿಯುವ ಪ್ರಾಣಿ ಅದು. ಮೈಯಿಂದ ಹೊರಗೆ ಏನಾದರೂ ಚಾಚಿಕೊಂಡಿದ್ದರೆ ಗಾಯವಾಗದೆ ಉಳಿಯುತ್ತಿತ್ತೇ? ಇರುವುದೆಲ್ಲ ಒಳಗೇ ಇದೆ, ಅದೂ ಬಾಲದೊಳಗೆ.

ಹಾವಿಗೆ ಬಾಲ ಎಲ್ಲಿಂದ ಶುರುವಾಗುತ್ತದೆ? ಈ ಪ್ರಶ್ನೆಯನ್ನು ನೆಂಟರ ಮುಂದಿಟ್ಟರೆ ಹೆಚ್ಚಿನವರು ನಗುತ್ತಾರೆ. ಹಾವೇ ಒಂದು ಉದ್ದನೆಯ ಬಾಲ ಅಲ್ವಾ ಅನ್ನುತ್ತಾರೆ. ನಿಜಕ್ಕೂ ಬಾಲ ಬಹಳ ಚಿಕ್ಕದು. ಬಾಲ್ ಪೈಥಾನ್ ಬಿಟ್ಟ ಪೊರೆಯನ್ನು ಅಂಗಾತ ಹರಡಿ ನೋಡಿ. ಗಂಟಲಿನಿಂದ ಕೆಳಗೆ ಅಗಲವಾದ ಹುರುಪೆಗಳು ಒಂದರ ಹಿಂದೊಂದು, ಏಣಿಯ ಮೆಟ್ಟಿಲಿನಂತೆ ಬರುತ್ತವೆ. ಕೊನೆಯ ಹತ್ತಿರ ಒಂದು ಹುರುಪೆ ಮುಚ್ಚಳದಂತೆ ಇರುತ್ತದೆ. ಅದರ ಅಡಿಯಲ್ಲೇ ಗುದದ್ವಾರ. ಮಲ, ಮೂತ್ರ, ಮೊಟ್ಟೆ ಎಲ್ಲಕ್ಕೂ ಅದೊಂದೇ ಬಾಗಿಲು. ಆ ಮುಚ್ಚಳ ದಾಟಿದ ಮೇಲೆ ಹುರುಪೆಗಳು ಎರಡೆರಡು ಸಾಲಾಗಿ ಒಡೆಯುತ್ತವೆ. ಅಲ್ಲಿಂದ ತುದಿಯವರೆಗಿನದು ಬಾಲ.

ಗಂಡು ಹಾವಿನ ಬಾಲದ ಬುಡದಲ್ಲಿ ಎರಡು ಜನನಾಂಗಗಳಿರುತ್ತವೆ. ಹೌದು, ಎರಡು. ಎಡಕ್ಕೊಂದು, ಬಲಕ್ಕೊಂದು. ಇವುಗಳಿಗೆ ಹೆಮಿಪೆನಿಸ್ ಅನ್ನುತ್ತಾರೆ. ಕಾಲುಚೀಲವನ್ನು ಕಳಚುವಾಗ ಅದು ಒಳಮೈ ಹೊರಗಾಗಿ ಮಗುಚಿಕೊಳ್ಳುತ್ತದಲ್ಲ, ಇದೂ ಹಾಗೆಯೇ. ಸುಮ್ಮನಿರುವಾಗ ಒಳಮುಖವಾಗಿ ಮಗುಚಿಕೊಂಡು ಬಾಲದೊಳಗೆ ಎರಡು ಉದ್ದನೆಯ ಚೀಲಗಳಂತೆ ಮಲಗಿರುತ್ತದೆ. ಕೂಡುವಾಗ ರಕ್ತ ಮತ್ತು ದುಗ್ಧರಸ ತುಂಬಿ ಹೊರಗೆ ಮಗುಚಿ ಬರುತ್ತದೆ. ಒಂದು ಸಲಕ್ಕೆ ಒಂದನ್ನೇ ಬಳಸುತ್ತದೆ. ಕೆಲಸ ಮುಗಿದ ಮೇಲೆ ಬಾಲದ ಉದ್ದಕ್ಕೂ ಹೋಗುವ ಒಂದು ಸ್ನಾಯು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಈ ಸ್ನಾಯುವನ್ನು ನೆನಪಿಡಿ, ಮುಂದೆ ಅದರ ಮಾತು ಬರುತ್ತದೆ.

ಹೆಣ್ಣಿನ ಬಾಲದಲ್ಲಿ ಈ ಉದ್ದನೆಯ ಚೀಲಗಳಿಲ್ಲ. ವಾಸನೆಯ ಗ್ರಂಥಿಗಳಿವೆ, ಅವು ಗಂಡಿನಲ್ಲೂ ಇರುತ್ತವೆ. ಗಾಬರಿಯಾದಾಗ ಕೆಟ್ಟ ವಾಸನೆ ಬಿಡುವುದು ಇವುಗಳಿಂದಲೇ. ಅದಲ್ಲದೆ ಹೆಣ್ಣಿನಲ್ಲಿ ಇನ್ನೂ ಒಂದು ಅಂಗ ಇದೆ ಅಂತ ಸರಿಯಾಗಿ ತೋರಿಸಿಕೊಟ್ಟದ್ದು ತೀರಾ ಈಚೆಗೆ, 2022ರ ಡಿಸೆಂಬರ್‌ನಲ್ಲಿ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಮೇಗನ್ ಫೋಲ್ವೆಲ್ ಮತ್ತು ಅವರ ಜೊತೆಯವರು ಒಂಬತ್ತು ಜಾತಿಯ ಹೆಣ್ಣು ಹಾವುಗಳನ್ನು ಪರೀಕ್ಷಿಸಿ, ಅವುಗಳ ಬಾಲದಲ್ಲಿ ಹೆಮಿಕ್ಲಿಟೊರಿಸ್ ಎಂಬ ಹೆಣ್ಣಿನ ಜನನಾಂಗ ಇದೆ ಅಂತ ವಿವರಿಸಿದರು. ಅದಕ್ಕೂ ಮುಂಚೆ ಕೆಲವರು ಅದನ್ನು ವಾಸನೆಯ ಗ್ರಂಥಿ ಅಂದುಕೊಂಡಿದ್ದರು, ಕೆಲವರು ಸರಿಯಾಗಿ ಬೆಳೆಯದ ಗಂಡು ಅಂಗ ಅಂದುಕೊಂಡಿದ್ದರು. ಗಂಡಿನ ಅಂಗದ ಬಗ್ಗೆ ನೂರಾರು ವರ್ಷಗಳಿಂದ ಚಿತ್ರ ಬರೆದು, ಅದರ ಆಕಾರ ನೋಡಿಯೇ ಜಾತಿಗಳನ್ನು ಬೇರೆ ಮಾಡುತ್ತಾ ಬಂದ ಶಾಸ್ತ್ರ ಹೆಣ್ಣಿನ ಕಡೆ ತಿರುಗಿ ನೋಡಲು ಇಷ್ಟು ತಡಮಾಡಿತು. ನನಗೆ ಇದು ತುಂಬಾ ಬೇಸರ ತರಿಸಿದ ಸಂಗತಿ.

ಇಷ್ಟು ಗೊತ್ತಿದ್ದರೆ ಮುಂದಿನದು ಸುಲಭ. ಲಿಂಗ ಹೇಳುವ ಹೆಚ್ಚಿನ ಉಪಾಯಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತವೆ. ಬಾಲದೊಳಗೆ ಆ ಎರಡು ಚೀಲಗಳಿವೆಯೋ ಇಲ್ಲವೋ?

ಮುಟ್ಟದೆ ನೋಡುವುದರಿಂದ ಶುರು ಮಾಡೋಣ. ಒಳಗೆ ಚೀಲಗಳಿದ್ದರೆ ಜಾಗ ಬೇಕು. ಹಾಗಾಗಿ ಗಂಡಿನ ಬಾಲ ಸಾಮಾನ್ಯವಾಗಿ ಉದ್ದ. ಬುಡ ದಪ್ಪಗಿದ್ದು ಸ್ವಲ್ಪ ದೂರ ಅದೇ ದಪ್ಪದಲ್ಲಿ ಹೋಗಿ ಆಮೇಲೆ ಸಣ್ಣದಾಗುತ್ತದೆ. ಹೆಣ್ಣಿನದು ಗುದದ್ವಾರ ದಾಟಿದ ಕೂಡಲೇ ಸಣ್ಣದಾಗಿ, ಬೇಗ ಮುಗಿಯುತ್ತದೆ. ಅಮೆರಿಕದಲ್ಲಿ ಮನೆಮನೆಯಲ್ಲಿ ಸಾಕುವ ಕಾರ್ನ್ ಸ್ನೇಕ್‌ನಲ್ಲಿ, ಅದೂ ಬೆಳೆದ ಹಾವಿನಲ್ಲಿ, ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಗಂಡು, ಹೆಣ್ಣು ಎರಡನ್ನೂ ಪಕ್ಕಪಕ್ಕ ಇಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಬಾಲ್ ಪೈಥಾನ್‌ಗೆ ಗಂಡಾದರೂ ಹೆಣ್ಣಾದರೂ ಬಾಲ ಮೋಟು. ನಾನು ಮತ್ತು ಮಗಳು ಒಂದು ಭಾನುವಾರ ಬೆಲ್ಲನ ಪೊರೆಯನ್ನು ನೀರಿನಲ್ಲಿ ನೆನೆಸಿ, ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಹರಡಿ, ಟಾರ್ಚ್ ಹಿಡಿದು ಬಾಲದ ಕೆಳಗಿನ ಹುರುಪೆ ಎಣಿಸಿದೆವು. ಗಂಡಿಗೆ ಹುರುಪೆ ಜಾಸ್ತಿ ಇರುತ್ತದೆ ಅಂತ ಓದಿದ್ದೆವು. ಎಣಿಸಿ ಮುಗಿಸಿದ ಮೇಲೆ ಗೊತ್ತಾಯಿತು, ಬಾಲ್ ಪೈಥಾನ್‌ನಲ್ಲಿ ಎರಡರ ಲೆಕ್ಕವೂ ಒಂದರ ಮೇಲೊಂದು ಬೀಳುತ್ತದೆ. ಗಂಡಿಗೆ ಹೊಂದುವ ಸಂಖ್ಯೆ ಹೆಣ್ಣಿಗೂ ಹೊಂದುತ್ತದೆ.

ಹೆಬ್ಬಾವು ಮತ್ತು ಬೋವಾ ಜಾತಿಗಳಲ್ಲಿ ಇನ್ನೊಂದು ಗುರುತು ಇದೆ. ಗುದದ್ವಾರದ ಎರಡೂ ಪಕ್ಕಕ್ಕೆ ಕೋಳಿಯ ಕಾಲಿನ ಮುಳ್ಳಿನಂಥ ಸಣ್ಣ ಕೊಕ್ಕೆಗಳಿರುತ್ತವೆ. ಇವು ಒಂದು ಕಾಲದಲ್ಲಿ ಹಾವಿನ ಪೂರ್ವಜರಿಗಿದ್ದ ಹಿಂಗಾಲುಗಳ ಉಳಿಕೆ. ಗಂಡು ಈ ಮುಳ್ಳಿನಿಂದ ಹೆಣ್ಣಿನ ಮೈಯನ್ನು ಮೆಲ್ಲಗೆ ಕೆರೆಯುತ್ತದೆ. ಅದಕ್ಕೇ ಗಂಡಿನ ಮುಳ್ಳು ದೊಡ್ಡದು ಅನ್ನುತ್ತಾರೆ. ಎಷ್ಟೋ ಜಾತಿಗಳಲ್ಲಿ ಅದು ನಿಜವೂ ಹೌದು. ಬಾಲ್ ಪೈಥಾನ್‌ನಲ್ಲಿ ಮಾತ್ರ ಹೆಣ್ಣಿಗೂ ದೊಡ್ಡ ಮುಳ್ಳಿರಬಹುದು, ಗಂಡಿನದು ಸವೆದು ಚಿಕ್ಕದಾಗಿರಬಹುದು. ಬೆಲ್ಲನ ಮುಳ್ಳುಗಳು ನೋಡುವುದಕ್ಕೆ ದೊಡ್ಡವೇ. ಮಾರಿದವರು ಬಹುಶಃ ಅದನ್ನೇ ನೋಡಿ ಹೇಳಿದ್ದಿರಬೇಕು.

ಗಾತ್ರ ನೋಡಿ ಹೇಳಬಹುದೇ? ಬಾಲ್ ಪೈಥಾನ್‌ನಲ್ಲಿ ಹೆಣ್ಣು ದೊಡ್ಡದಾಗಿ ಬೆಳೆಯುತ್ತದೆ. ಆದರೆ ನಮ್ಮ ಆಗುಂಬೆಯ ಕಾಡಿನ ಕಾಳಿಂಗ ಸರ್ಪದಲ್ಲಿ ಗಂಡೇ ದೊಡ್ಡದು. ಅಲ್ಲದೆ ಮನೆಯಲ್ಲಿರುವ ಹಾವಿನ ಗಾತ್ರ ಅದಕ್ಕೆ ಹಾಕಿದ ಇಲಿಗಳ ಲೆಕ್ಕದ ಮೇಲೂ ನಿಂತಿರುತ್ತದೆ. ಸಿಟ್ಟು ಜಾಸ್ತಿ ಇದ್ದರೆ ಹೆಣ್ಣು, ತಲೆ ಅಗಲ ಇದ್ದರೆ ಗಂಡು ಅನ್ನುವ ಮಾತುಗಳನ್ನು ಕೇಳಿಸಿಕೊಂಡು ಅಲ್ಲೇ ಬಿಟ್ಟುಬಿಡಿ.

ಮರಿ ಹಾವುಗಳಿಗೆ ಸಾಕುವವರು ಮಾಡುವ ಒಂದು ಕ್ರಮವಿದೆ. ಅದಕ್ಕೆ ಪಾಪಿಂಗ್ ಅನ್ನುತ್ತಾರೆ. ಮೊಟ್ಟೆಯೊಡೆದು ಹೆಚ್ಚು ದಿನವಾಗಿರದ ಮರಿಯ ಬಾಲದ ಬುಡವನ್ನು ಹೆಬ್ಬೆರಳಿನಿಂದ ಹದವಾಗಿ ಒತ್ತಿದರೆ ಗಂಡಿನ ಅಂಗಗಳು ಕೆಂಪಗೆ ಎರಡು ಸಣ್ಣ ಮೊಳಕೆಗಳಂತೆ ಹೊರಗೆ ಬರುತ್ತವೆ. ಕೈ ಪಳಗಿದವರು ಕೆಲವು ಸೆಕೆಂಡಿನಲ್ಲಿ ಮಾಡಿ ಮುಗಿಸುತ್ತಾರೆ. ಕಲಿಯದವರು ಮಾಡಿದರೆ ಮರಿಯ ಬೆನ್ನುಮೂಳೆ, ಬಾಲ, ಒಳಗಿನ ಅಂಗ ಯಾವುದಕ್ಕೆ ಬೇಕಾದರೂ ಪೆಟ್ಟಾಗಬಹುದು. ಬೆಳೆದ ಹಾವಿಗಂತೂ ಇದನ್ನು ಮಾಡಲೇಬಾರದು. ಅದರ ಸ್ನಾಯು ಗಟ್ಟಿಯಾಗಿರುತ್ತದೆ, ಬೆರಳಿಗೆ ಬಗ್ಗುವುದಿಲ್ಲ, ನಾವು ಒತ್ತಡ ಹೆಚ್ಚಿಸುತ್ತಾ ಹೋಗುತ್ತೇವೆ. ವಿಡಿಯೋ ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಪಾಪಿಂಗ್‌ನಲ್ಲಿ ಇನ್ನೊಂದು ತೊಡಕೂ ಇದೆ. ಅದು ಮುಂದಿನ ಕೆಲವು ಪರೀಕ್ಷೆಗಳಿಗೂ ಅನ್ವಯಿಸುವ ಮಾತು. ಅಂಗ ಹೊರಗೆ ಬಂದರೆ ಗಂಡು, ಅದರಲ್ಲಿ ಅನುಮಾನವಿಲ್ಲ. ಬರದಿದ್ದರೆ? ಹೆಣ್ಣಿರಬಹುದು. ಅಥವಾ ಸ್ನಾಯು ಬಿಗಿಹಿಡಿದುಕೊಂಡ ಗಂಡೂ ಇರಬಹುದು. ಗಂಡು ಅನ್ನುವುದಕ್ಕೆ ಕಣ್ಣೆದುರು ಸಾಕ್ಷಿ ಸಿಗುತ್ತದೆ. ಹೆಣ್ಣು ಅನ್ನುವಾಗ ಎಷ್ಟೋ ಸಲ ನಾವು ಹೇಳುತ್ತಿರುವುದು "ಗಂಡಿನ ಗುರುತು ಸಿಗಲಿಲ್ಲ" ಅಂತ ಅಷ್ಟೇ. ಈ ಎರಡು ಮಾತಿನ ತೂಕ ಒಂದೇ ಅಲ್ಲ.

ಬೆಲ್ಲನನ್ನು ನಾವು ಸರೀಸೃಪಗಳನ್ನು ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮಾಡಿದ್ದು ಪ್ರೋಬಿಂಗ್. ಬೇರೆ ಬೇರೆ ದಪ್ಪದ ಸ್ಟೀಲ್ ಕಡ್ಡಿಗಳ ಒಂದು ಪೆಟ್ಟಿಗೆ ತೆರೆದರು. ಸ್ವೆಟರ್ ಹೆಣೆಯುವ ಕಡ್ಡಿಯಂತೆ ಕಂಡರೂ ಅದಕ್ಕಿಂತ ತೆಳು, ತುದಿಯಲ್ಲಿ ಚೂಪಿಲ್ಲ, ಸಾಸಿವೆ ಕಾಳಿನಂತೆ ದುಂಡಗೆ. ಒಂದು ಹಾವಿಗೆ ಬಳಸಿದ್ದನ್ನು ಶುದ್ಧ ಮಾಡದೆ ಇನ್ನೊಂದಕ್ಕೆ ಬಳಸುವುದಿಲ್ಲ. ಬೆಲ್ಲನ ಮೈ ದಪ್ಪಕ್ಕೆ ಸರಿಯಾದ ಕಡ್ಡಿ ಆರಿಸಿ, ಅದಕ್ಕೆ ಜಾರುವ ಜೆಲ್ ಸವರಿದರು.

ಮಗಳು ಬೆಲ್ಲನ ನಡುಮೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಡಾಕ್ಟರು ಬಾಲವನ್ನು ಸ್ವಲ್ಪವೇ ಹಿಂದಕ್ಕೆ ಬಾಗಿಸಿ, ಹೆಬ್ಬೆರಳಿನಿಂದ ಆ ಮುಚ್ಚಳದ ಹುರುಪೆಯನ್ನು ಮೆಲ್ಲಗೆ ಎತ್ತಿದರು. ಕಡ್ಡಿಯನ್ನು ಒಂದು ಪಕ್ಕದ ಅಂಚಿಗೆ ಇಟ್ಟು, ತಲೆಯ ಕಡೆಗಲ್ಲ, ಬಾಲದ ತುದಿಯ ಕಡೆಗೆ ತಿರುಗಿಸಿದರು. ನೂಕಲಿಲ್ಲ. ಬೆರಳುಗಳ ನಡುವೆ ಕಡ್ಡಿಯನ್ನು ನಿಧಾನಕ್ಕೆ ಹೊರಳಿಸುತ್ತಾ, ಅದು ತಾನಾಗಿ ಹೋಗುವಷ್ಟು ದೂರ ಬಿಟ್ಟರು. ಸ್ವಲ್ಪದರಲ್ಲೇ ನಿಂತಿತು. ಕಡ್ಡಿ ಹೊರಗೆ ಕಾಣಲು ಶುರುವಾಗುವ ಜಾಗಕ್ಕೆ ಉಗುರು ಇಟ್ಟು ಗುರುತು ಹಿಡಿದು, ಕಡ್ಡಿಯನ್ನು ಹೊರಗೆ ತೆಗೆದು ಬಾಲದ ಅಡಿಗೆ ಹೊಂದಿಸಿ ಹುರುಪೆ ಎಣಿಸಿದರು. ಒಂದು, ಎರಡು, ಮೂರು. ಇನ್ನೊಂದು ಪಕ್ಕದಲ್ಲೂ ಅದೇ ಮೂರು.

ಬಾಲ್ ಪೈಥಾನ್‌ನಲ್ಲಿ ಹೆಣ್ಣಾದರೆ ಕಡ್ಡಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಹುರುಪೆಯಷ್ಟು ದೂರ ಹೋಗಿ ನಿಲ್ಲುತ್ತದೆ. ಗಂಡಾದರೆ ಮಗುಚಿದ ಚೀಲದೊಳಗೆ ಇಳಿದು ಏಳೆಂಟು ಹುರುಪೆ, ಅದಕ್ಕೂ ಜಾಸ್ತಿ ಹೋಗುತ್ತದೆ. ಈ ಸಂಖ್ಯೆ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಒಂದು ಜಾತಿಯ ಲೆಕ್ಕ ಹಿಡಿದು ಇನ್ನೊಂದಕ್ಕೆ ತೀರ್ಪು ಕೊಡುವಂತಿಲ್ಲ.

ಆದರೂ ಡಾಕ್ಟರು ಹೇಳಿದ್ದು "ಬಹುಶಃ ಹೆಣ್ಣು" ಅಂತ. ಮಗಳಿಗೆ ಆ "ಬಹುಶಃ" ಹಿಡಿಸಲಿಲ್ಲ. ಅವರು ತಾಳ್ಮೆಯಿಂದ ವಿವರಿಸಿದರು. ಗಂಡು ಹಾವು ಬೆದರಿದರೆ ಆ ಎಳೆಯುವ ಸ್ನಾಯುವನ್ನು ಬಿಗಿ ಮಾಡುತ್ತದೆ. ಆಗ ಚೀಲದ ಬಾಯಿ ಮುಚ್ಚಿಕೊಂಡು ಕಡ್ಡಿ ಮೂರು ಹುರುಪೆಗೇ ನಿಲ್ಲಬಹುದು. ಗಂಡನ್ನು ಹೆಣ್ಣು ಅಂತ ಬರೆದುಕೊಳ್ಳುವುದು ಹೀಗೆ. ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ. ಹೆಣ್ಣಿನಲ್ಲಿ ಕಡ್ಡಿ ನಿಂತ ಮೇಲೂ ಬಲ ಹಾಕಿ ನೂಕಿದರೆ ಒಳಗಿನ ತೆಳು ಗೋಡೆ ಹರಿದು ಕಡ್ಡಿ ಮುಂದೆ ಹೋಗುತ್ತದೆ. ಆಗ ಆಳ ನೋಡಿದವರು ಗಂಡು ಅನ್ನುತ್ತಾರೆ. ಹಾವಿಗೆ ಗಾಯ, ನಮಗೆ ಸುಳ್ಳು ಉತ್ತರ, ಎರಡೂ ಒಟ್ಟಿಗೆ. ಅದಕ್ಕೇ ಎರಡೂ ಪಕ್ಕ ನೋಡುವುದು, ಸ್ವಲ್ಪ ಹೊತ್ತು ಕಾಯುವುದು, ಅನುಮಾನ ಬಂದರೆ ಇನ್ನೊಂದು ದಿನ ನೋಡುವುದು.

ಖಚಿತ ಉತ್ತರ ಬೇಕೇ ಬೇಕು ಅಂದರೆ ಆಸ್ಪತ್ರೆಯಲ್ಲಿ ಬೇರೆ ದಾರಿಗಳಿವೆ. ಅಲ್ಟ್ರಾಸೌಂಡ್‌ನಲ್ಲಿ ಬೆಳೆದ ಹೆಣ್ಣಿನ ಅಂಡಾಶಯದ ಗುಂಡುಗಳು ಕಾಣುತ್ತವೆ. ಅರಿವಳಿಕೆ ಕೊಟ್ಟು ಬಾಲದ ಬುಡಕ್ಕೆ ಸಲೈನ್ ನೀರು ಚುಚ್ಚಿ, ಅಂಗ ಹೊರಬರುತ್ತದೆಯೇ ಅಂತ ನೋಡುವ ಕ್ರಮವೂ ಇದೆ, ಅದು ಪಶುವೈದ್ಯರ ಕೈಯಲ್ಲೇ ಆಗಬೇಕು. ಇನ್ನು ಸುಮ್ನೆ ಪೆಟ್ಟಿಗೆ ಗಮನಿಸುತ್ತಿದ್ದರೂ ಕೆಲವು ಸಲ ಸುಳಿವು ಸಿಗುತ್ತದೆ. ಗಂಡು ಹಾವಿನ ಪೊರೆಯ ಬಾಲದ ಹತ್ತಿರ ಒಣಗಿದ ಅಂಟಿನಂಥ ಎರಡು ಸಣ್ಣ ಕಡ್ಡಿಗಳು ಅಂಟಿಕೊಂಡಿರಬಹುದು. ಅದು ಚೀಲದೊಳಗೆ ಗಟ್ಟಿಯಾದ ಪದಾರ್ಥ. ಕಂಡರೆ ಗಂಡು. ಕಾಣದಿದ್ದರೆ, ಮತ್ತೆ ಅದೇ ಮಾತು, ಏನೂ ಹೇಳಲಾಗದು.

ನಾವು ಆರಿಸಿಕೊಂಡದ್ದು ಡಿಎನ್ಎ. ಅಮೆರಿಕದಲ್ಲಿ ಕೆಲವು ಜಾತಿಗಳಿಗೆ ಬಿಟ್ಟ ಪೊರೆಯ ತುಂಡಿನಿಂದಲೇ ಲಿಂಗ ಹೇಳುವ ಲ್ಯಾಬುಗಳಿವೆ. ಹಾವನ್ನು ಮುಟ್ಟಬೇಕಾಗಿಯೇ ಇಲ್ಲ. ಪೊರೆ ಒಣಗಿಸಿ ಲಕೋಟೆಗೆ ಹಾಕಿ ಕಳಿಸಿದರಾಯಿತು. ಈ ಪರೀಕ್ಷೆಯ ಹಿಂದಿನ ಕತೆ ಓದುತ್ತಾ ನಾನು ಒಂದು ರಾತ್ರಿ ಪೂರ್ತಿ ಕೂತುಬಿಟ್ಟೆ. ಯಾಕೆಂದರೆ ಅದು ನೇರವಾಗಿ ನಮ್ಮ ದೇಶಕ್ಕೆ ಬಂದು ಮುಟ್ಟುತ್ತದೆ.

ಮೊಸಳೆ ಮತ್ತು ಹೆಚ್ಚಿನ ಆಮೆಗಳಲ್ಲಿ ಮೊಟ್ಟೆಗೆ ತಗಲುವ ಶಾಖ ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನಿಸುತ್ತದೆ. ಹಾವಿನಲ್ಲಿ ಹಾಗಲ್ಲ. ಮನುಷ್ಯರಂತೆ ವರ್ಣತಂತುಗಳೇ ತೀರ್ಮಾನಿಸುತ್ತವೆ. ನಮ್ಮಲ್ಲಿ ಹೆಣ್ಣಿಗೆ ಎಕ್ಸ್-ಎಕ್ಸ್, ಗಂಡಿಗೆ ಎಕ್ಸ್-ವೈ. ಹಕ್ಕಿಗಳಲ್ಲಿ ಉಲ್ಟಾ. ಗಂಡಿಗೆ ಝಡ್-ಝಡ್, ಹೆಣ್ಣಿಗೆ ಝಡ್-ಡಬ್ಲ್ಯೂ. ನಾಗರ, ಕಟ್ಟುಹಾವು, ಮಂಡಲ, ಕೇರೆ, ಕಾರ್ನ್ ಸ್ನೇಕ್ ಇವೆಲ್ಲ ಹಕ್ಕಿಗಳ ಹಾಗೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಾವುಗಳ ವರ್ಣತಂತು ಓದುತ್ತಿದ್ದ ಲಾಲ್‌ಜಿ ಸಿಂಗ್, ಆಮೇಲೆ ಎಡಿನ್‌ಬರೋದಲ್ಲಿ ಕೆಲಸ ಮಾಡುವಾಗ, ಹಳದಿ-ಕಪ್ಪು ಪಟ್ಟೆಯ ಕಟ್ಟುಹಾವಿನ ಹೆಣ್ಣಿನಲ್ಲಿ ಮತ್ತೆ ಮತ್ತೆ ಬರುವ ಒಂದು ಡಿಎನ್ಎ ತುಣುಕನ್ನು ಕಂಡುಕೊಂಡರು. ಅದು ಹೆಣ್ಣಿನ ಡಬ್ಲ್ಯೂ ವರ್ಣತಂತುವಿನಲ್ಲಿ ದಟ್ಟವಾಗಿ ತುಂಬಿತ್ತು. ಇಂಗ್ಲಿಷಿನಲ್ಲಿ ಆ ಹಾವಿಗೆ ಬ್ಯಾಂಡೆಡ್ ಕ್ರೇಟ್ ಅನ್ನುತ್ತಾರೆ, ಹಾಗಾಗಿ ಆ ತುಣುಕಿಗೆ ಬಿಕೆಎಂ ಅಂತ ಹೆಸರಾಯಿತು. ಹೈದರಾಬಾದಿನಲ್ಲಿ ಜೀವಕೋಶ ಮತ್ತು ಅಣುಜೀವವಿಜ್ಞಾನದ ಸಂಶೋಧನೆ ಮಾಡುವ ಸಿಸಿಎಂಬಿ ಸಂಸ್ಥೆಗೆ ಬಂದ ಮೇಲೆ ಅವರು ಅದೇ ತುಣುಕನ್ನು ಬಳಸಿ ಮನುಷ್ಯರ ಡಿಎನ್ಎ ಗುರುತು ಹಿಡಿಯುವ ವಿಧಾನ ರೂಪಿಸಿದರು. ನಮ್ಮ ಕೋರ್ಟುಗಳಲ್ಲಿ ಮಗುವಿನ ತಂದೆ ಯಾರು, ಸತ್ತವರು ಯಾರು ಅಂತ ತೀರ್ಮಾನಿಸಲು ಅದು ನೆರವಾಯಿತು. ಹಾವು ಗಂಡೋ ಹೆಣ್ಣೋ ಅಂತ ಕೇಳುತ್ತಾ ಹೊರಟವರು ಎಲ್ಲಿಗೆ ಬಂದು ಮುಟ್ಟಿದರು ನೋಡಿ.

ಇನ್ನು ಹೆಬ್ಬಾವು, ಬೋವಾಗಳ ವಿಷಯ. ಅವೂ ಹಕ್ಕಿಯ ಹಾಗೆ ಝಡ್-ಡಬ್ಲ್ಯೂ ಅಂತ ಎಷ್ಟೋ ದಶಕ ಎಲ್ಲರೂ ಒಪ್ಪಿಕೊಂಡಿದ್ದರು. ಆದರೆ ಅವುಗಳಲ್ಲಿ ಎರಡು ವರ್ಣತಂತುಗಳೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ, ಹಾಗಾಗಿ ಯಾರೂ ಖಚಿತಪಡಿಸಿಕೊಂಡಿರಲಿಲ್ಲ. 2017ರಲ್ಲಿ ಟೋನಿ ಗ್ಯಾಂಬಲ್ ಮತ್ತು ಸಂಗಡಿಗರು ಒಂದು ಬೋವಾ, ಒಂದು ಬರ್ಮೀಸ್ ಹೆಬ್ಬಾವಿನ ಡಿಎನ್ಎ ನೋಡಿ, ಅವು ನಮ್ಮ ಹಾಗೆ ಎಕ್ಸ್-ವೈ ಅಂತ ತೋರಿಸಿದರು. ಬಾಲ್ ಪೈಥಾನ್ ಸಾಕುವವರಿಗೆ ಇದರ ಸುಳಿವು ಮೊದಲೇ ಸಿಕ್ಕಿತ್ತು. ಬನಾನಾ ಅಂತ ಹಳದಿ ಬಣ್ಣದ ಒಂದು ತಳಿ ಇದೆ. ಕೆಲವು ಬನಾನಾ ಗಂಡುಗಳಿಗೆ ಹುಟ್ಟುವ ಹಳದಿ ಮರಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಗಂಡು, ಇನ್ನು ಕೆಲವಕ್ಕೆ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಆ ಬಣ್ಣದ ಜೀನ್ ಗಂಡಿನ ವೈ ಮೇಲೆ ಕೂತಿದೆಯೋ ಎಕ್ಸ್ ಮೇಲೆ ಕೂತಿದೆಯೋ ಅನ್ನುವುದರ ಮೇಲೆ ಇದು ನಿಂತಿದೆ ಅಂದರೆ ಲೆಕ್ಕ ಸರಿಹೋಗುತ್ತದೆ.

ಈಗ ಪೋರ್ಟ್ಸ್‌ಮತ್‌ನ ರೊನಾಲ್ಡೊ ಹತ್ತಿರ ವಾಪಸ್ ಬರೋಣ. ಗಂಡಿನ ಸಂಗವಿಲ್ಲದೆ ಹೆಣ್ಣು ಹಾವು ಮರಿ ಮಾಡುವುದು ಅಪರೂಪ, ಆದರೆ ಪವಾಡವಲ್ಲ. ಅಂಡದ ವರ್ಣತಂತುಗಳೇ ಜೋಡಿಯಾಗಿ ಮರಿ ಬೆಳೆಯುತ್ತದೆ. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಒಂದು ಬಾಲ್ ಪೈಥಾನ್ ಏಳು ಮೊಟ್ಟೆ ಇಟ್ಟಿತು. ಅದು 15 ವರ್ಷಕ್ಕೂ ಜಾಸ್ತಿ ಗಂಡಿನ ಹತ್ತಿರ ಹೋಗಿರಲಿಲ್ಲ. ಹಾವುಗಳು ವೀರ್ಯವನ್ನು ಮೈಯೊಳಗೆ ಬಹಳ ಕಾಲ ಕಾಪಿಡಬಲ್ಲವು, ಹಾಗಾಗಿ ತಂದೆ ಇಲ್ಲ ಅಂತ ಹೇಳಬೇಕಾದರೆ ಡಿಎನ್ಎ ನೋಡಲೇಬೇಕು. ತಾಯಿ ಎಕ್ಸ್-ಎಕ್ಸ್ ಆಗಿದ್ದರೆ ಹೀಗೆ ಹುಟ್ಟುವ ಮರಿಗಳಿಗೆ ಎಕ್ಸ್ ಬಿಟ್ಟು ಬೇರೇನೂ ಬರಲು ಸಾಧ್ಯವಿಲ್ಲ. ಎಲ್ಲವೂ ಹೆಣ್ಣು. ಬೋವಾಗಳಲ್ಲಿ ತಂದೆಯಿಲ್ಲದ ಮರಿಗಳೆಲ್ಲ ಹೆಣ್ಣೇ ಯಾಕೆ ಅಂತ ಮುಂಚೆ ತಲೆ ಕೆಡಿಸಿಕೊಂಡಿದ್ದವರಿಗೆ 2017ರ ಉತ್ತರದಿಂದ ಗಂಟು ಬಿಚ್ಚಿತು. ಝಡ್-ಡಬ್ಲ್ಯೂ ಹಾವುಗಳಲ್ಲಿ ಇದೇ ರೀತಿ ಹುಟ್ಟಿ ಬದುಕಿದ ಮರಿಗಳು ಗಂಡು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಹಾವು ನಿಮ್ಮ ಮನೆಯ ಹೂಕುಂಡದಲ್ಲೇ ಇರಬಹುದು. ಬೆಂಗಳೂರಿನಲ್ಲಿ ಕುಂಡದ ಮಣ್ಣು ಕೆದಕುವಾಗ ಎರೆಹುಳದಂಥ, ಕಪ್ಪಗೆ ಮಿಂಚುವ ಸಣ್ಣ ಹಾವು ಸಿಗುತ್ತದಲ್ಲ, ಆ ಕುರುಡುಹಾವಿನಲ್ಲಿ ಗಂಡೇ ಇಲ್ಲ. ಸಿಕ್ಕಿದ್ದೆಲ್ಲ ಹೆಣ್ಣು. ಒಂದೇ ಒಂದು ಹಾವು ಗಿಡದ ಮಣ್ಣಿನ ಜೊತೆ ಹಡಗಿನಲ್ಲಿ ಹೋದರೂ ಹೊಸ ನೆಲದಲ್ಲಿ ಸಂಸಾರ ಶುರುಮಾಡುತ್ತದೆ. ಪಾಪದ ಹಾವು ಅದು, ಕಂಡರೆ ಕೊಲ್ಲಬೇಡಿ.

ಊರಿನಿಂದ ಅಮ್ಮ ಫೋನಿನಲ್ಲಿ ಇದೆಲ್ಲ ಕೇಳಿ ಒಂದು ಪ್ರಶ್ನೆ ಕೇಳಿದರು. "ಕೇರೆ ಗಂಡು, ನಾಗರ ಹೆಣ್ಣು ಅಲ್ವೇನೋ? ಎರಡೂ ಸುತ್ತಿಕೊಂಡು ಕುಣಿಯೋದನ್ನ ನಾನೇ ತೋಟದಲ್ಲಿ ನೋಡೀನಿ." ಸಾಗರದ ಕಡೆ ನಾನೂ ಈ ಮಾತು ಕೇಳಿಕೊಂಡೇ ಬೆಳೆದವನು. ಕೇರೆ ಬೇರೆ ಜಾತಿ, ನಾಗರ ಬೇರೆ ಜಾತಿ. ಎರಡರಲ್ಲೂ ಗಂಡು-ಹೆಣ್ಣು ಇವೆ, ಒಂದಕ್ಕೊಂದು ಕೂಡುವುದಿಲ್ಲ. ಅಮ್ಮ ನೋಡಿದ್ದು ಹೆಚ್ಚಾಗಿ ಎರಡು ಗಂಡು ಕೇರೆಗಳ ಕುಸ್ತಿ. ಮೈ ಹೆಣೆದುಕೊಂಡು, ತಲೆ ಎತ್ತಿ, ಒಂದನ್ನೊಂದು ನೆಲಕ್ಕೆ ಒತ್ತಲು ನೋಡುತ್ತವೆ. ಜನ ಅದನ್ನು ಜೋಡಿ ಅಂದುಕೊಂಡು ಬಟ್ಟೆ ಹಾಸಿ ಕೈಮುಗಿಯುತ್ತಾರೆ. ನಿಜವಾಗಿ ಕೂಡುವಾಗ ಹಾವುಗಳು ಅಷ್ಟೊಂದು ಎದ್ದು ನಿಲ್ಲುವುದಿಲ್ಲ. ಬಾಲಗಳು ಹೆಣೆದುಕೊಂಡು ಬಹಳ ಹೊತ್ತು ಹೆಚ್ಚುಕಡಿಮೆ ಸುಮ್ಮನೆ ಮಲಗಿರುತ್ತವೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಭಾರತದಲ್ಲಿ ನಮ್ಮ ನೆಲದ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಾಗರ, ಕೇರೆ, ಹೆಬ್ಬಾವು ಮಾತ್ರವಲ್ಲ, 'ಎರಡು ತಲೆ ಹಾವು' ಅಂತ ಕದ್ದು ಮಾರುವ ಮಣ್ಣುಮುಕ್ಕ ಹಾವೂ ಇದರಲ್ಲಿ ಬರುತ್ತದೆ. ಬಾಲ್ ಪೈಥಾನ್ ಆಫ್ರಿಕಾದ್ದು, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಇರುವ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯ ನಂತರ ಅಂಥ ಹಾವು ಭಾರತದಲ್ಲಿ ಯಾರ ಬಳಿಯಾದರೂ ಇದ್ದರೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ತೋಟಕ್ಕೆ ಬಂದ ಹಾವಿನ ಬಾಲ ಹಿಡಿದು ಗಂಡೋ ಹೆಣ್ಣೋ ಅಂತ ನೋಡಲು ದಯವಿಟ್ಟು ಹೋಗಬೇಡಿ. ಅದಕ್ಕೂ ಅಪಾಯ, ನಿಮಗೂ ಅಪಾಯ.

ಸಾಕಿದವರಿಗೆ ಇದು ಗೊತ್ತಿರಲೇಬೇಕಾ? ಒಂಟಿಯಾಗಿ ಇಟ್ಟ ಹಾವು, ಏನಾದರೇನು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಹೆಣ್ಣು ಹಾವು ಗಂಡಿಲ್ಲದೆಯೂ ಬರಡು ಮೊಟ್ಟೆ ಇಡಬಹುದು. ಆ ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಕುತ್ತು. ಗಂಡು ಅಂತ ನಂಬಿದವರು ಹೊಟ್ಟೆಯ ಉಬ್ಬನ್ನು ಊಟದ ಉಬ್ಬು ಅಂದುಕೊಂಡು ದಿನ ತಳ್ಳುತ್ತಾರೆ. ಊಟ ಬಿಟ್ಟಾಗಲೂ ಅಷ್ಟೇ. ಕೂಡುವ ಕಾಲದಲ್ಲಿ ಗಂಡು ಬಾಲ್ ಪೈಥಾನ್ ವಾರಗಟ್ಟಲೆ ಇಲಿ ಮುಟ್ಟದಿರುವುದು ಮಾಮೂಲು. ಹೆಣ್ಣು ಊಟ ಬಿಟ್ಟರೆ ಮೊಟ್ಟೆ ಕಟ್ಟುತ್ತಿದೆಯೇ ಅಂತಲೂ ಯೋಚಿಸಬೇಕು. ಎರಡು 'ಗಂಡು' ಅಂತ ತಂದು ಒಂದೇ ಪೆಟ್ಟಿಗೆಯಲ್ಲಿಟ್ಟು, ಸಾಕಲಾರದಷ್ಟು ಮರಿ ಆದವರ ಕಷ್ಟ ಬೇರೆ.

ಲ್ಯಾಬಿನ ಉತ್ತರ ಬಂತು. ಹೆಣ್ಣು. ಕಡ್ಡಿ ಹೇಳಿದ್ದೂ ಅದನ್ನೇ, ಡಿಎನ್ಎ ಹೇಳಿದ್ದೂ ಅದನ್ನೇ. ಮಗಳು ಬೆಲ್ಲನಿಗೆ ಇಟ್ಟಿದ್ದ ನೋಟ್‌ಬುಕ್ಕಿನ ಮೊದಲ ಪುಟ ತೆರೆದಳು. ಅಲ್ಲಿ "ಗಂಡು" ಅಂತ ಹಸಿರು ಪೆನ್ನಿನಲ್ಲಿತ್ತು. ಅದರ ಮೇಲೆ ಗೆರೆ ಎಳೆದು, ತಾರೀಖು ಹಾಕಿ, ಪಕ್ಕದಲ್ಲಿ ಬರೆದಳು: "ಹೆಣ್ಣು. ಪ್ರೋಬ್: ಎಡ 3, ಬಲ 3. ಪೊರೆಯ ಡಿಎನ್ಎ: ಹೆಣ್ಣು." ಆಮೇಲೆ ಅಡುಗೆಮನೆಯಿಂದ ತೂಕದ ಯಂತ್ರ ತಂದು, ಬೆಲ್ಲನನ್ನು ಬುಟ್ಟಿಯಲ್ಲಿಟ್ಟು ತೂಗಿ, ತಿಂಗಳ ತೂಕದ ಪಕ್ಕದಲ್ಲಿ ಹೊಸದಾಗಿ ಇನ್ನೊಂದು ಸಾಲು ಗೀಚಿದಳು. ಹೊಟ್ಟೆಯಲ್ಲಿ ಉಬ್ಬು ಇದೆಯೇ, ಇಲ್ಲವೇ. ಆ ತಿಂಗಳು "ಇಲ್ಲ".